ಬರೆಗೆ ಚಂದ್ರವಂಕ ಅಂತ ಹೆಸರಿಟ್ಟರು

ಮಣ್ಣಿನ ಮೂಟೆಗೆ ಲಿಫ್ಟ್ ಇಲ್ಲ. ಇಂದಿರಮ್ಮನಿಗೂ ಇಲ್ಲ. ವಿಶಾಖಪಟ್ಟಣದ ಎಂವಿಪಿ ಕಾಲೋನಿಯ ಆ ಅಪಾರ್ಟ್‌ಮೆಂಟಿನಲ್ಲಿ ಕೆಲಸದವರು ಮೆಟ್ಟಿಲಲ್ಲೇ ಓಡಾಡಬೇಕು ಅಂತ ಬೋರ್ಡು ಬರೆಸಿ ತಗುಲಿಹಾಕಿದ್ದರು. ಇಂದಿರಮ್ಮನಿಗೆ ತೆಲುಗು ಮಾತು ಬರುತ್ತಿತ್ತು, ಓದು ಯಾವ ಭಾಷೆಯಲ್ಲೂ ಬರುತ್ತಿರಲಿಲ್ಲ. ವಾಚ್‌ಮನ್ ಓದಿ ಹೇಳಿದ್ದ. ಅವನೂ ಮೆಟ್ಟಿಲು ಹತ್ತುವವನೇ.

ಮೂಟೆ ಬೆನ್ನಿಗೆ ಹಾಕಿಕೊಂಡು ಹತ್ತಬೇಕು. ಪ್ರತಿ ಮಹಡಿಯಲ್ಲೂ ಗೋಡೆಗೆ ಒರಗಿ ಉಸಿರು ಎಳೆದುಕೊಂಡು ಮತ್ತೆ ಹತ್ತಬೇಕು. ತಾರಸಿ ಮುಟ್ಟುವಷ್ಟರಲ್ಲಿ ಬೆವರಿಗೆ ಮಣ್ಣು ಕಲಸಿ ರವಿಕೆ ಬೆನ್ನಿಗೆ ಅಂಟಿರುತ್ತಿತ್ತು. ಮೇಲೆ ಹೋದರೆ ಕೂರುವಂತಿಲ್ಲ. ಮಣ್ಣು ನೆನೆಹಾಕಬೇಕು. ನೆನೆದದ್ದನ್ನು ಸೋಸಬೇಕು. ಸೋಸಿದ್ದನ್ನು ಬಟ್ಟೆಯಲ್ಲಿ ಕಟ್ಟಿ ನೀರಿಳಿಸಬೇಕು. ಆಮೇಲೆ ತುಳಿಯಬೇಕು. ತುಳಿದದ್ದನ್ನು ಕೈಯಲ್ಲಿ ನಾದಬೇಕು. ಒಳಗೆ ಒಂದು ಗಾಳಿಗುಳ್ಳೆ ಉಳಿದರೂ ಭಟ್ಟಿಯಲ್ಲಿ ತಟ್ಟೆ ಸಿಡಿಯುತ್ತದೆ. ಸಿಡಿದರೆ ಬೈಗುಳ ಇಂದಿರಮ್ಮನಿಗೆ. ಸಿಡಿಯದಿದ್ದರೆ ಹೊಗಳಿಕೆ ಸುಲೋಚನಾಗೆ. ಇಂದಿರಮ್ಮನ ಕಾಲಿನ ಹಿಮ್ಮಡಿ ಒಡೆದು, ಒಡೆದದ್ದರ ಒಳಗೆ ಮಣ್ಣು ಹೊಕ್ಕು, ಅದು ಒಣಗಿ ಮತ್ತಷ್ಟು ಸೀಳುತ್ತಿತ್ತು. ಅದನ್ನು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಸುಲೋಚನಾ ಬ್ಯಾಂಕ್ ಆಫೀಸರ್ ನರಸಿಂಹಮೂರ್ತಿಗಳ ಹೆಂಡತಿ. ತಾರಸಿಯ ಶೆಡ್ಡಿನಲ್ಲಿ ಭಟ್ಟಿ ಇಟ್ಟುಕೊಂಡು ಮಣ್ಣಿನ ಪಾತ್ರೆ ಮಾಡುವುದು ಅವಳ ಹವ್ಯಾಸ. ಪಾವಗಡದ ಕಡೆಯ ಒಂದು ಊರಿನ ದೊಡ್ಡಮನೆಯ ಮಗಳು. ಗಂಡನಿಗೆ ವಿಶಾಖಪಟ್ಟಣಕ್ಕೆ ವರ್ಗವಾದಾಗ ತವರೂರಿನ ಮಾದಿಗರ ಹಟ್ಟಿಯಿಂದ ಇಂದಿರಮ್ಮನನ್ನು ಜೊತೆಗೆ ಕರೆತಂದಳು. ಗಂಡ ಸತ್ತ ಹೆಂಗಸು, ಗಡಿಯವಳಾದ್ದರಿಂದ ತೆಲುಗು ಬರುತ್ತದೆ, ಎದುರು ಮಾತಾಡುವುದಿಲ್ಲ. ಇನ್ನೇನು ಬೇಕು? ತಾರಸಿಯಲ್ಲಿ ನೀರಿನ ಟ್ಯಾಂಕಿನ ಪಕ್ಕದ ಕೋಣೆ ಅವಳಿಗೆ. ಅಡುಗೆಮನೆ, ದೇವರಮನೆ ಬಿಟ್ಟು ಮಿಕ್ಕದ್ದೆಲ್ಲ ಅವಳ ಕೆಲಸ. ನಾವು ಅದೆಲ್ಲ ನೋಡೋದಿಲ್ಲಪ್ಪ, ಅಮ್ಮನಿಗೆ ಗೊತ್ತಾದರೆ ನೊಂದುಕೊಳ್ಳುತ್ತಾಳೆ ಅಷ್ಟೆ, ಅಂತ ಸುಲೋಚನಾ ಗೆಳತಿಯರ ಹತ್ತಿರ ಹೇಳುತ್ತಿದ್ದಳು. ನೋಡೋದಿಲ್ಲವಂತೆ. ನೋಡದೇನೇ ಯಾವ ಹೊಸ್ತಿಲ ಆಚೆ ನಿಲ್ಲಬೇಕು ಅಂತ ಮೊದಲ ದಿನವೇ ಬೆರಳು ಮಾಡಿ ತೋರಿಸಿದ್ದಳಲ್ಲ, ಅದಕ್ಕೇನು ಹೇಳೋಣ.

ಇಂದಿರಮ್ಮ ಇಷ್ಟಕ್ಕೆಲ್ಲ ತಲೆಬಗ್ಗಿಸಿ ನಿಂತದ್ದು ಮಗಳು ಶಾರದಾಗೋಸ್ಕರ. ಶಾರದಾ ಪಾವಗಡದಲ್ಲಿ ಹಾಸ್ಟೆಲಿನಲ್ಲಿದ್ದು ಪಿಯುಸಿ ಮುಗಿಸಿದ್ದಳು. ಹಟ್ಟಿಯಲ್ಲಿ ಅಷ್ಟು ಓದಿದ ಮೊದಲ ಹುಡುಗಿ. ತುಮಕೂರಿನ ಬ್ರಾಂಚಿನಲ್ಲಿ ಅಟೆಂಡರ್ ಕೆಲಸಕ್ಕೆ ತಾತ್ಕಾಲಿಕವಾಗಿ ಸೇರಿಸುತ್ತೇನೆ, ಆಮೇಲೆ ಕಾಯಂ ಆಗುತ್ತದೆ ಅಂತ ನರಸಿಂಹಮೂರ್ತಿಗಳು ಮಾತು ಕೊಟ್ಟಿದ್ದರು. ಕೊಟ್ಟಿದ್ದರು ಅಷ್ಟೆ, ಇನ್ನೂ ಸೇರಿಸಿರಲಿಲ್ಲ. ಆ ಮಾತು ಮುರಿದು ಬೀಳದ ಹಾಗೆ ಇಂದಿರಮ್ಮ ಮೂಟೆ ಹೊರುತ್ತಿದ್ದಳು. ಮಗಳು ಕುರ್ಚಿಯ ಮೇಲೆ ಕೂತು ದುಡಿಯಬೇಕು, ಬೆನ್ನು ಬಗ್ಗಿಸಬಾರದು. ಅವಳಿಗೆ ಬೇಕಿದ್ದದ್ದು ಅದೊಂದೇ.

ಸುನಾಮಿ ಬಂದ ಮುಂದಿನ ವರ್ಷ ಸುಲೋಚನಾಗೆ ದೊಡ್ಡದೊಂದು ಆರ್ಡರ್ ಸಿಕ್ಕಿತು. ಅಲ್ಲಿಯವರೆಗೂ ಹೂದಾನಿ, ಕಪ್ಪು, ದೀಪ ಮಾಡಿ ನೆಂಟರಿಗೆ ಹಂಚುತ್ತಿದ್ದವಳು. ವಿಜಯವಾಡದಲ್ಲಿ ಹೋಟೆಲ್ ಇಟ್ಟಿದ್ದ ದುರ್ಗಾಪ್ರಸಾದ್ ಅನ್ನುವವರು ಹೊಸದಾಗಿ ಊಟದ ಹಾಲ್ ತೆರೆಯುತ್ತಿದ್ದರು. ಟೇಬಲಿಗೆಲ್ಲ ಕೈಯಲ್ಲಿ ಮಾಡಿದ ತಟ್ಟೆಗಳೇ ಬೇಕು, ಆದರೆ ಡಿಸೈನು ಎಲ್ಲೂ ನೋಡಿರಬಾರದು, ನಮ್ಮ ಮಣ್ಣಿನದ್ದು ಅನಿಸಬೇಕು ಅಂದರಂತೆ.

ಶುರುವಾಯಿತು ನೋಡಿ ಹುಡುಕಾಟ. ಸುಲೋಚನಾ ಕಡಲತೀರಕ್ಕೆ ಹೋಗಿ ಕಪ್ಪೆಚಿಪ್ಪು ಆರಿಸಿ ತಂದಳು. ಸಿಂಹಾಚಲಕ್ಕೆ ಹೋಗಿ ಕಂಬಗಳ ಫೋಟೋ ತೆಗೆದಳು. ಬಂದರಿನ ಹತ್ತಿರ ಕಾರು ನಿಲ್ಲಿಸಿಕೊಂಡು ಕ್ರೇನುಗಳ ಗೆರೆ ಬರೆದಳು. ತಾರಸಿಯ ಶೆಡ್ಡಿನ ಗೋಡೆಯ ಮೇಲೆಲ್ಲ ಹಾಳೆಗಳು. ಶಂಖ, ಮೀನು, ಅಲೆ, ಗೋಪುರ. ಒಂದೊಂದನ್ನೂ ತಟ್ಟೆಯ ಅಂಚಿಗೆ ಹಾಕಿದರೆ ಹೇಗೆ, ನಡುವೆ ಹಾಕಿದರೆ ಹೇಗೆ ಅಂತ ದುಂಡಗೆ ಕತ್ತರಿಸಿ ಇಟ್ಟು ನೋಡುತ್ತಿದ್ದಳು. ಮಾದರಿಗೆ ಮಾಡಿದ ತಟ್ಟೆಗಳನ್ನು ದುರ್ಗಾಪ್ರಸಾದ್ ವಾಪಸ್ ಕಳಿಸಿದರು. ಶಂಖ ಬೀಚ್ ರಸ್ತೆಯ ಪ್ರತಿ ಅಂಗಡಿಯಲ್ಲೂ ಇದೆ ಮೇಡಂ ಅಂದರಂತೆ. ಬೇಡವಾದ ತಟ್ಟೆಗಳನ್ನು ಕುಟ್ಟಿ ಪುಡಿ ಮಾಡುವ ಕೆಲಸವೂ ಇಂದಿರಮ್ಮನದೇ ಆಯಿತು. ಸುಲೋಚನಾ ಊಟ ಬಿಟ್ಟಳು, ಸಿಡುಕಿದಳು, ಏನೂ ಹೊಳೆಯುತ್ತಿಲ್ಲ ಇಂದಿರಾ ಅಂತ ಅತ್ತಳು ಕೂಡ. ಹೊಳೆಯದಿದ್ದರೆ ಅಳುವವರೂ ಇದ್ದಾರೆ ಲೋಕದಲ್ಲಿ ಅಂತ ಇಂದಿರಮ್ಮನಿಗೆ ಗೊತ್ತಾದದ್ದು ಆವತ್ತು.

ಒಂದು ಮಧ್ಯಾಹ್ನ ಇಂದಿರಮ್ಮ ಮಣ್ಣು ನಾದಿ ಮುಗಿಸಿ, ರವಿಕೆಯ ಉದ್ದ ತೋಳು ಮೇಲೇರಿಸಿಕೊಂಡೇ ಕೈ ತೊಳೆಯದೆ ಬಿಸಿಲಿಗೆ ಕೂತಿದ್ದಳು. ಮೊಳಕೈ ಮೇಲಿನತನಕ ಮಣ್ಣು ಮೆತ್ತಿ ಒಣಗಿ ಬೆಳ್ಳಗಾಗಿತ್ತು. ಎಡಗೈಯ ಒಳಭಾಗದಲ್ಲಿ, ಮೊಳಕೈ ಮಡಿಸುವ ಜಾಗಕ್ಕೆ ಸ್ವಲ್ಪ ಕೆಳಗೆ, ಒಂದು ಕಡೆ ಮಾತ್ರ ಮಣ್ಣು ಹಿಡಿಯದೆ ಹೆಕ್ಕಳಿಕೆ ಎದ್ದು ಉದುರಿತ್ತು. ಅಲ್ಲಿ ನುಣ್ಣಗೆ ಕಪ್ಪಗೆ ಹೊಳೆಯುವ ಅರ್ಧಚಂದ್ರ. ಸುತ್ತ ಹಚ್ಚೆಯ ಚುಕ್ಕಿಗಳು.

ಸುಲೋಚನಾ ಕೈಯಲ್ಲಿದ್ದ ಪೆನ್ಸಿಲ್ ಕೆಳಗಿಟ್ಟಳು. ಅಲ್ಲಾಡಬೇಡ, ಹಾಗೇ ಇರು ಅಂದಳು. ಟೇಬಲ್ ಎಳೆದು ಇಂದಿರಮ್ಮನ ಕೈಯನ್ನು ಅದರ ಮೇಲೆ ಚಾಚಿಸಿದಳು. ಫೋಟೋ ತೆಗೆದಳು. ಆಮೇಲೆ ಬೆಣ್ಣೆ ಕಾಗದ ಹಾಸಿ ಚಂದ್ರನನ್ನೂ ಚುಕ್ಕಿಗಳನ್ನೂ ಒಂದೊಂದಾಗಿ ಎತ್ತಿಕೊಂಡಳು. ಅಷ್ಟು ವರ್ಷಗಳಲ್ಲಿ ಅಮ್ಮಾರು ತನ್ನ ಮೈ ಹತ್ತಿರಕ್ಕೆ ಮುಖ ತಂದದ್ದು ಅದೇ ಮೊದಲು. ಅವರ ತಲೆಗೂದಲಿನ ಶಾಂಪೂ ವಾಸನೆ ಇಂದಿರಮ್ಮನ ಮೂಗಿಗೆ ಬಡಿಯಿತು. ಬೆರಳು ಮಾತ್ರ ಕಾಗದದ ಆಚೆಗೇ ಇತ್ತು. ಆದರೂ ಇಂದಿರಮ್ಮನಿಗೆ ಖುಷಿಯಾಯಿತು. ಹೌದು, ಆಯಿತು. ನಾಚಿಕೆಗೇಡು ಅನ್ನಿ ಬೇಕಾದರೆ. ಯಾವತ್ತೂ ಯಾರೂ ತಿರುಗಿ ನೋಡದ ಮೈಯನ್ನು ಒಬ್ಬರು ಕಣ್ಣರಳಿಸಿ ನೋಡಿದರೆ ಯಾರಿಗಾದರೂ ಆಗುತ್ತದೆ.

"ಎಷ್ಟು ಚೆನ್ನಾಗಿದೆ ಇಂದಿರಾ ಈ ಕರ್ವ್," ಅಂದಳು ಸುಲೋಚನಾ. "ಹಚ್ಚೆಯವಳ ಕೈ ಎಂಥಾ ಕೈ ಇರಬೇಕು."

ಇಂದಿರಮ್ಮ ಸೆರಗನ್ನು ಕೈಮೇಲೆ ಎಳೆದುಕೊಂಡಳು.

ಅದು ಹಚ್ಚೆಯಲ್ಲ. ಚುಕ್ಕಿಗಳು ಹಚ್ಚೆ. ಚಂದ್ರ ಬರೆ. ಕಾದ ಸೌಟಿನ ಅಂಚು.

ಇಂದಿರಮ್ಮ ಆಗಿನ್ನೂ ಮೈನೆರೆದಿರಲಿಲ್ಲ. ದೊಡ್ಡಮನೆಯ ಕೊಟ್ಟಿಗೆ ಗುಡಿಸಲು ಅವ್ವ ತಿಪ್ಪಕ್ಕನ ಹಿಂದೆ ಹೋಗುತ್ತಿದ್ದಳು. ಒಂದು ದಿನ ಹಿತ್ತಲಲ್ಲಿ ಉಪ್ಪಿನಕಾಯಿಯ ಪಿಂಗಾಣಿ ಜಾಡಿಯನ್ನು ಬಿಸಿಲಿಗೆ ಇಟ್ಟು, ಬಾಯಿಗೆ ಬಟ್ಟೆ ಕಟ್ಟಿ ಎಲ್ಲರೂ ಒಳಗೆ ಮಲಗಿದ್ದರು. ಇದ್ದಕ್ಕಿದ್ದಂತೆ ದಪ್ಪ ದಪ್ಪ ಹನಿ ಬಿತ್ತು. ವರ್ಷದ ಉಪ್ಪಿನಕಾಯಿ ಕೆಟ್ಟುಹೋಗುತ್ತದೆ ಅಂತ ಆ ಹುಡುಗಿ ಓಡಿಹೋಗಿ ಜಾಡಿಯನ್ನು ಎಡಗೈಯಲ್ಲಿ ಎದೆಗೆ ಅಪ್ಪಿಕೊಂಡು ಜಗುಲಿಯ ಮೇಲಕ್ಕೆ ತಂದು ಇಟ್ಟಳು. ಒಳ್ಳೆಯ ಕೆಲಸ ಮಾಡಿದೆ, ತಿನ್ನಲು ಏನಾದರೂ ಕೊಡುತ್ತಾರೆ ಅಂತ ನಿಂತಿದ್ದಳು. ಮಡಿಯ ಜಾಡಿ. ಅದನ್ನು ಮಾದಿಗರ ಮಗು ಮುಟ್ಟಿತು, ಅಪ್ಪಿಕೊಂಡಿತು, ಜಗುಲಿಯನ್ನೂ ತುಳಿಯಿತು. ಸುಲೋಚನಾಳ ತಾಯಿ ಸೂರ್ಯಕಾಂತಮ್ಮ ಒಲೆಯಲ್ಲಿದ್ದ ಕಬ್ಬಿಣದ ಸೌಟು ತಂದರು. ಯಾವ ಕೈಯಲ್ಲಿ ಅಪ್ಪಿಕೊಂಡಿದ್ದೆ ತೋರಿಸು ಅಂದರು. ಹುಡುಗಿ ತೋರಿಸಿದಳು. ತಾನಾಗಿಯೇ ಕೈ ಚಾಚಿ ತೋರಿಸಿದಳು.

ಸುಲೋಚನಾ ಆಗ ತೊಟ್ಟಿಲಲ್ಲಿದ್ದಳು. ಅವಳಿಗೆ ಗೊತ್ತಿಲ್ಲ. ಜಾಡಿಯ ಉಪ್ಪಿನಕಾಯಿಯನ್ನು ತಿಪ್ಪೆಗೆ ಸುರಿಸಿದರು. ಹಟ್ಟಿಯವರು ಹೋಗಿ ಮೇಲಿನಿಂದ ಎತ್ತಿಕೊಂಡು ಬಂದು ಮುದ್ದೆಗೆ ನಂಚಿಕೊಂಡು ತಿಂದರು. ತಿಪ್ಪಕ್ಕ ಮಾತ್ರ ನಾಲಿಗೆಗೆ ಸೋಕಿಸಲಿಲ್ಲ. ಗಾಯ ಕೀವಾಗಿ, ಒಣಗಿ, ಗುರುತು ಉಳಿಯಿತು. ನಾಳೆ ಹೆಣ್ಣು ಕೇಳಲು ಬಂದವರು ಇದೇನು, ಕಳ್ಳತನ ಮಾಡಿ ಬರೆ ಹಾಕಿಸಿಕೊಂಡಳಾ ಅಂತ ಕೇಳಿದರೆ? ತಿಪ್ಪಕ್ಕ ಹಚ್ಚೆ ಹುಯ್ಯುವ ಹೆಂಗಸನ್ನು ಕರೆಸಿ ಬರೆಯ ಸುತ್ತ ಚುಕ್ಕಿ ಹುಯ್ಯಿಸಿದಳು. ಬರೆ ಚಂದ್ರನಾಯಿತು, ಚುಕ್ಕಿ ನಕ್ಷತ್ರವಾಯಿತು. ಯಾರೂ ಕೇಳಲಿಲ್ಲ.

ಇದನ್ನು ಸುಲೋಚನಾಗೆ ಅಲ್ಲೇ ಹೇಳಬಹುದಿತ್ತು. ಹೇಗೆ ಹೇಳೋದು? ನಿಮ್ಮವ್ವ ಹಾಕಿದ ಬರೆ ಅಂತ ಅಂದರೆ ಶಾರದಾಳ ಕೆಲಸ ಏನಾಗುತ್ತದೆ? ಇಂದಿರಮ್ಮ ಕೈ ತೊಳೆದುಕೊಂಡು ಮೂಟೆ ತರಲು ಕೆಳಗೆ ಹೋದಳು.

ಡಿಸೈನು ದುರ್ಗಾಪ್ರಸಾದರಿಗೆ ಹಿಡಿಸಿಬಿಟ್ಟಿತು. ಅವರೇ ಚಂದ್ರವಂಕ ಅಂತ ಹೆಸರಿಟ್ಟರು. ತೆಲುಗಿನಲ್ಲಿ ಬಾಲಚಂದ್ರನಿಗೆ ಹಾಗನ್ನುತ್ತಾರೆ. ಅಂಚಿಗೆ ಚುಕ್ಕಿ, ನಡುವಿನಿಂದ ಸ್ವಲ್ಪ ಸರಿದು ಅರ್ಧಚಂದ್ರ. ಸುಲೋಚನಾ ಹಗಲೆಲ್ಲ ಕೂತು ಲೆಕ್ಕ ಹಾಕಿದಳು. ದೊಡ್ಡ ತಟ್ಟೆಗೆ ಎಷ್ಟು ಅಗಲದ ಚಂದ್ರ, ಬಟ್ಟಲಿಗೆ ಎಷ್ಟು, ಬಣ್ಣ ಹಚ್ಚೆಯ ಹಸಿರೋ ಅಥವಾ ಸುಟ್ಟ ಕಂದೋ. ಸುಟ್ಟ ಕಂದು ಅಂತಲೇ ಕೊನೆಗೆ ತೀರ್ಮಾನವಾಯಿತು. ಸರಿಯಾದ ಬಣ್ಣ ಸಿಗಬೇಕಲ್ಲ, ಅದಕ್ಕೆ ಇಂದಿರಮ್ಮನನ್ನು ಪದೇ ಪದೇ ಕರೆದು ಕೈ ಚಾಚಿಸಿ, ಸುಟ್ಟ ತಟ್ಟೆಯ ಚೂರನ್ನು ಬರೆಯ ಪಕ್ಕ ಹಿಡಿದು ನೋಡುತ್ತಿದ್ದಳು. ಇನ್ನೂ ಸ್ವಲ್ಪ ಕೆಂಪು ಬೇಕು ಅನ್ನುತ್ತಿದ್ದಳು. ಕೆಲವು ಚೂರು ಭಟ್ಟಿಯಿಂದ ಆಗ ತಾನೇ ತೆಗೆದವು, ಬಿಸಿ ಇನ್ನೂ ಆರಿರುತ್ತಿರಲಿಲ್ಲ. ಇಂದಿರಮ್ಮನ ಕೈ ತಾನಾಗಿ ಹಿಂದಕ್ಕೆ ಸರಿಯುತ್ತಿತ್ತು. ಸುಲೋಚನಾ ಅಲ್ಲಾಡಬೇಡವೇ ಅಂತ ಗದರುತ್ತಿದ್ದಳು.

ಆಮೇಲೆ ತಟ್ಟೆಗಳು ಸಾಲುಸಾಲಾಗಿ ಹೊರಗೆ ಬಂದವು. ಪ್ರತಿಯೊಂದರ ಮೇಲೂ ಅವಳ ಬರೆ. ಅದನ್ನು ಒರೆಸುವವಳೂ ಅವಳೇ, ಜೋಡಿಸುವವಳೂ ಅವಳೇ. ಒರೆಸಿ ಒರೆಸಿ ಅವಳಿಗೆ ರಾತ್ರಿ ಮಲಗಿದಾಗ ಕೈ ಉರಿಯುತ್ತಿತ್ತು. ಎಷ್ಟೋ ವರ್ಷದಿಂದ ಸತ್ತಿದ್ದ ಉರಿ ಅದು.

ವಿಜಯವಾಡದ ಹಾಲ್ ತೆರೆಯುವ ದಿನ ಇಟ್ಟುಕೊಂಡಿದ್ದ ತಟ್ಟೆಗಳ ಪ್ರದರ್ಶನಕ್ಕೆ ಮುಂಚೆ ಸೂರ್ಯಕಾಂತಮ್ಮ ಊರಿನಿಂದ ಬಂದರು. ಮಗಳ ಹೆಸರು ದೊಡ್ಡದಾಗುತ್ತಿದೆ, ದೀಪ ಹಚ್ಚಲು ತಾಯಿಯೇ ಬರಬೇಕು ಅಂತ ಸುಲೋಚನಾ ಕರೆಸಿದ್ದಳು. ಈಗ ಮುದುಕಿ. ಮಂಡಿ ನೋವು, ಮಾತು ಮೆತ್ತಗೆ. ತಾರಸಿಗೆ ಲಿಫ್ಟಿನಲ್ಲಿ ಬಂದು ಕುರ್ಚಿಯಲ್ಲಿ ಕೂತರು. ನೀನು ತಿಪ್ಪಕ್ಕನ ಮಗಳಲ್ಲವೇನೇ, ಚೆನ್ನಾಗಿದೀಯಾ ಅಂತ ಕೇಳಿದರು. ಪ್ರೀತಿಯಿಂದಲೇ ಕೇಳಿದರು. ಸುಲೋಚನಾ ಒಂದು ತಟ್ಟೆಯನ್ನು ತಾಯಿಯ ಮಡಿಲಿಗೆ ಇಟ್ಟಳು.

ಇಂದಿರಮ್ಮ ಪೊರಕೆ ಹಿಡಿದು ನಿಂತಳು. ಈಗ ಗುರುತು ಹಿಡಿಯುತ್ತಾರೆ, ಈಗ ಮುಖ ಕಪ್ಪಿಡುತ್ತದೆ, ಈಗ ಏನಾದರೂ ಅನ್ನುತ್ತಾರೆ ಅಂತ ಕಾದಳು. ಸೂರ್ಯಕಾಂತಮ್ಮ ಕನ್ನಡಕ ಹಾಕಿಕೊಂಡರು. ಅರ್ಧಚಂದ್ರದ ಮೇಲೆ ಬೆರಳಾಡಿಸಿದರು. ಎಲ್ಲಿಂದ ತೆಗೆದೆಯೇ ಇದನ್ನ ಅಂದರು. ಇಂದಿರನ ಕೈ ಹಚ್ಚೆಯಿಂದ ಅಂತ ಮಗಳು ಹೇಳಿದಳು. ಮುದುಕಿ ಇಂದಿರಮ್ಮನ ಕೈಯತ್ತ ನೋಡಿದರು, ನೋಡಿ ತಟ್ಟೆಯತ್ತ ತಿರುಗಿದರು.

"ಚೆನ್ನಾಗಿದೆ ಕಣೇ, ನೋಡಕ್ಕೆ ತಂಪಾಗಿದೆ," ಅಂದರು.

ತಂಪಾಗಿದೆಯಂತೆ. ಇಂದಿರಮ್ಮ ಟ್ಯಾಂಕಿನ ಹಿಂದೆ ಹೋಗಿ ನಿಂತಳು. ಅಳು ಬರಲಿಲ್ಲ. ಹಾಕಿದವರಿಗೇ ಮರೆತುಹೋಗಿದೆ. ತಾನು ಜೀವಮಾನವೆಲ್ಲ ರವಿಕೆಯ ತೋಳು ಉದ್ದ ಇಟ್ಟು, ಸೆರಗು ಎಳೆದುಕೊಂಡು, ಗಂಡನಿಗೂ ಸುಳ್ಳು ಹೇಳಿ ಹೊತ್ತು ತಿರುಗಿದ್ದು ಇವರಿಗೆ ನೆನಪೂ ಇಲ್ಲ. ಥೂ, ಏನು ಬಾಳು ಇದು ಅನ್ನಿಸಿತು ಅವಳಿಗೆ. ಬರೆ ಬಿದ್ದ ದಿನ ಕೂಡ ಅಷ್ಟು ಸಿಟ್ಟು ಬಂದಿರಲಿಲ್ಲ.

ವಿಜಯವಾಡಕ್ಕೆ ಹೊರಡುವ ಮುಂಚೆ ಸುಲೋಚನಾ ಅವಳಿಗೆ ಪಾಠ ಹೇಳಿಕೊಟ್ಟಳು. ತಟ್ಟೆಗಳ ಪಕ್ಕ ನಿಲ್ಲಬೇಕು. ಗಿಡ್ಡ ತೋಳಿನ ರವಿಕೆ, ಇಳಕಲ್ ಸೀರೆ. ಯಾರಾದರೂ ಕೇಳಿದರೆ ತೋಳು ಚಾಚಿ ತೋರಿಸಬೇಕು. ನಾನು ಹುಟ್ಟಿದ ದಿನ ಆಕಾಶದಲ್ಲಿ ಎಳೆಚಂದ್ರ ಇತ್ತು, ಅದನ್ನು ನೋಡಿ ನಮ್ಮಜ್ಜಿ ಈ ಹಚ್ಚೆ ಹಾಕಿಸಿದಳು ಅಂತ ಹೇಳಬೇಕು. ತೆಲುಗಿನಲ್ಲಿ ಹೇಳು, ನಗುತ್ತಾ ಹೇಳು ಅಂದಳು. ಅದು ಹಚ್ಚೆ ಅಲ್ಲ ಅಮ್ಮಾರೆ ಅಂತ ಇಂದಿರಮ್ಮ ಕೊನೆಗೂ ಅಂದಳು. ಸುಲೋಚನಾ ಕೇಳಿಸಿಕೊಳ್ಳಲಿಲ್ಲ, ಅಥವಾ ಕೇಳಿಸಿಕೊಂಡು ಬಿಟ್ಟಳು. ಏನಾದರೂ ಇರಲಿ, ಜನಕ್ಕೆ ಒಂದು ಕಥೆ ಬೇಕು ಇಂದಿರಾ ಅಂದಳು. ಶಾರದಾಳ ಕೆಲಸದ ಆರ್ಡರ್ ಇದೇ ತಿಂಗಳು ಬರುತ್ತದೆ ಅಂತ ಯಜಮಾನರು ಹೇಳಿದ್ದಾರೆ ಅಂತಲೂ ಅಂದಳು.

ರತ್ನಾಚಲ್ ಎಕ್ಸ್‌ಪ್ರೆಸ್ಸಿನಲ್ಲಿ ಹೋದರು. ಅಮ್ಮ ಮಗಳು ಎಸಿ ಬೋಗಿಯಲ್ಲಿ, ಇಂದಿರಮ್ಮ ಹುಲ್ಲು ತುಂಬಿದ ಪೆಟ್ಟಿಗೆಗಳ ಜೊತೆ ಜನರಲ್ ಬೋಗಿಯಲ್ಲಿ. ಪೆಟ್ಟಿಗೆಯ ಮೇಲೆ ಯಾರೂ ಕೂರದ ಹಾಗೆ ದಾರಿಯುದ್ದಕ್ಕೂ ಕೈ ಅಡ್ಡ ಹಿಡಿದೇ ಇದ್ದಳು. ವಿಜಯವಾಡದಲ್ಲಿ ಇಳಿದಾಗ ಬಿಸಿಲು ಮುಖಕ್ಕೆ ರಾಚಿತು. ಪೆಟ್ಟಿಗೆಗಳನ್ನು ಹೋಟೆಲಿನ ಹಿಂಬಾಗಿಲಿನಿಂದ ಹೊತ್ತು ಹಾಕಿದಳು, ಬಿಚ್ಚಿದಳು, ಒರೆಸಿದಳು, ಬಿಳೀ ಬಟ್ಟೆ ಹಾಸಿದ ಟೇಬಲುಗಳ ಮೇಲೆ ಜೋಡಿಸಿದಳು. ಆಮೇಲೆ ಇಳಕಲ್ ಸೀರೆ ಉಟ್ಟು ತೋಳು ಬಿಟ್ಟುಕೊಂಡು ನಿಂತಳು. ಪ್ರಾಯ ಬಂದ ಮೇಲೆ ಆ ಕೈ ನಾಲ್ಕು ಜನರ ಎದುರು ಬಯಲಿಗೆ ಬಂದದ್ದು ಅವತ್ತೇ.

ಹಾಲ್ ತುಂಬಿತು. ಬ್ಯಾಂಕಿನವರು, ಊರಿನ ವ್ಯಾಪಾರಸ್ಥರು, ವರ್ಗವಾಗಿ ಬಂದ ಕನ್ನಡದ ಕುಟುಂಬಗಳು. ಸೂರ್ಯಕಾಂತಮ್ಮ ದೀಪ ಹಚ್ಚಿದರು, ಚಪ್ಪಾಳೆ ಬಿತ್ತು, ಅವರನ್ನು ಮುಂದಿನ ಸಾಲಿನ ಸೋಫಾದಲ್ಲಿ ಕೂರಿಸಿದರು. ನರಸಿಂಹಮೂರ್ತಿಗಳು ಸೂಟು ಹಾಕಿಕೊಂಡು ಓಡಾಡುತ್ತಿದ್ದರು. ದುರ್ಗಾಪ್ರಸಾದ್ ಅತಿಥಿಗಳನ್ನು ಕರೆದುಕೊಂಡು ಇಂದಿರಮ್ಮನ ಹತ್ತಿರ ಬಂದರು. ಬಗ್ಗಿ ಅವಳ ತೋಳು ನೋಡಿದರು. ಈ ಚಂದ್ರವಂಕ ಯಾರು ಹಾಕಿದ್ದಮ್ಮಾ ಅಂತ ತೆಲುಗಿನಲ್ಲಿ ಕೇಳಿದರು.

ಸುಲೋಚನಾ ಪಕ್ಕದಲ್ಲೇ ನಗುತ್ತಾ ನಿಂತಿದ್ದಳು. ಇಂದಿರಮ್ಮ ಬಾಯಿ ತೆರೆದಳು. ಎಳೆಚಂದ್ರ, ಅಜ್ಜಿ, ಎಲ್ಲ ನಾಲಿಗೆಯ ತುದಿಗೆ ಬಂದಿತ್ತು. ಕಣ್ಣಿಗೆ ಮಾತ್ರ ಚಾಚಿದ ತನ್ನ ಕೈ ಕಂಡಿತು. ಅವತ್ತೂ ಹೀಗೇ, ಕೇಳಿದ ತಕ್ಷಣ ತಾನಾಗಿ ಚಾಚಿದ್ದಳು.

"ಇದಿ ಚಂದ್ರವಂಕ ಕಾದು ಸಾರ್," ಅಂದಳು. "ವಾತ."

ಚಂದ್ರವಂಕ ಅಲ್ಲ, ವಾತ. ವಾತ ಅಂದರೆ ಬರೆ. ತೆಲುಗಿನವರಿಗೆಲ್ಲ ಅರ್ಥವಾಯಿತು. ಇಂದಿರಮ್ಮ ನಿಲ್ಲಿಸಲಿಲ್ಲ. ಜಾಡಿ, ಮಳೆ, ಸೌಟು, ಹಾಕಿದವರ ಹೆಸರೊಂದು ಬಿಟ್ಟು ಎಲ್ಲವನ್ನೂ ತೆಲುಗಿನಲ್ಲೇ ಹೇಳಿದಳು. ದನಿ ಎತ್ತಲಿಲ್ಲ. ತಟ್ಟೆ ಹಿಡಿದುಕೊಂಡಿದ್ದ ಒಬ್ಬ ಹೆಂಗಸು ಅದನ್ನು ಮೆಲ್ಲಗೆ ಕೆಳಗಿಟ್ಟಳು.

ಸುಲೋಚನಾ ನಗುವಿನ ಮುಖ ಹಾಗೇ ಇಟ್ಟುಕೊಂಡು ಅವಳ ಕಿವಿಯ ಹತ್ತಿರ ಬಂದಳು. "ಸಾಕು ಬಾಯಿ ಮುಚ್ಚು. ಶಾರದಾ ವಿಷಯ ಯಾರ ಕೈಲಿದೆ ಗೊತ್ತಲ್ಲ."

ಗೊತ್ತಿತ್ತು. ಅದಕ್ಕೇ ಇಷ್ಟು ದಿನ ಮುಚ್ಚಿದ್ದಳು.

ಅಷ್ಟರಲ್ಲಿ ದುರ್ಗಾಪ್ರಸಾದ್ ಸುಧಾರಿಸಿಕೊಂಡಿದ್ದರು. ಅವರ ಕಣ್ಣು ಹೊಳೆಯುತ್ತಿತ್ತು. ಅಜ್ಜಿಯ ಕಥೆಗಿಂತ ಇದೇ ಚೆನ್ನಾಗಿದೆ ಮೇಡಂ, ಊಟಕ್ಕೆ ಕೂತವರ ಎದೆಗೆ ತಟ್ಟುತ್ತದೆ, ಪ್ರತಿ ಟೇಬಲಿನ ಕಾರ್ಡಿನ ಮೇಲೂ ಇದನ್ನೇ ಅಚ್ಚು ಹಾಕಿಸೋಣ ಅಂದರು. ಈಕೆಯ ಕೈಯದೇ ಒಂದು ದೊಡ್ಡ ಫೋಟೋ ಗೋಡೆಗೆ. ಯಾವ ಊರು, ಯಾರು ಹಾಕಿದ್ದು ಅದೆಲ್ಲ ಬೇಡ, ಹೆಸರು ಬೇಡ, ಹಿಂದೆ ಯಾವುದೋ ಕಾಲದಲ್ಲಿ ನಡೆದದ್ದು ಅಂದರೆ ಸಾಕು. ಸುಲೋಚನಾಳ ಮುಖಕ್ಕೆ ರಕ್ತ ವಾಪಸ್ ಬಂತು. ಹೌದು ಹೌದು, ಹೆಸರೇನೂ ಬೇಡ ಅಂದಳು.

ಇಂದಿರಮ್ಮನ ತಲೆ ಕಾದುಹೋಯಿತು. ಬರೆಯನ್ನು ಚಂದ್ರ ಮಾಡಿ ಮಾರಿದರು. ಈಗ ಬರೆಯನ್ನು ಬರೆ ಅಂತಲೇ ಮಾರಲು ನಿಂತಿದ್ದಾರೆ. ಹೇಳಿದರೂ ಅವರಿಗೇ ಲಾಭ, ಹೇಳದಿದ್ದರೂ ಅವರಿಗೇ ಲಾಭ.

"ಹೆಸರಿಲ್ದೆ ಬರೆ ಹೆಂಗ್ ಬೀಳುತ್ತೆ?" ಅಂದಳು. ಈಗ ಕನ್ನಡದಲ್ಲಿ. "ಸೌಟು ತಾನಾಗೇ ಒಲೆಯಿಂದ ಎದ್ ಬಂತಾ?"

ಇಂದಿರಮ್ಮ ಟೇಬಲ್ ಬಿಟ್ಟು ಮುಂದಿನ ಸಾಲಿಗೆ ನಡೆದಳು. ಒಡೆದ ಹಿಮ್ಮಡಿಯ ಕಾಲು ಹೋಟೆಲಿನ ನುಣುಪು ನೆಲದ ಮೇಲೆ ನೋಯುತ್ತಿತ್ತು. ಸೋಫಾದ ಎದುರು ನಿಂತಳು. "ಇವ್ರೇ. ಸೂರ್ಯಕಾಂತಮ್ಮಾರು. ಹಾಕಿದ್ದು ಇವ್ರೇ."

ನರಸಿಂಹಮೂರ್ತಿಗಳು ಅಲ್ಲಿಂದಲೇ ಏಯ್ ಅಂದರು. ಕನ್ನಡದ ಕುಟುಂಬಗಳೆಲ್ಲ ಮುದುಕಿಯತ್ತ ತಿರುಗಿದವು. ಸೂರ್ಯಕಾಂತಮ್ಮ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು.

"ಯಾವ ಬರೆ?" ಅಂದರು. "ನಂಗೊಂದೂ ನೆನಪಿಲ್ಲಪ್ಪ. ಹಟ್ಟಿಯಿಂದ ಎಷ್ಟು ಜನ ಬಂದು ಹೋಗ್ತಿದ್ರು. ಎಲ್ಲರಿಗೂ ಅನ್ನ ಹಾಕಿದೀವಿ."

ಪಾಪ, ವಯಸ್ಸಾದವರು ಅಂತ ಯಾರೋ ಅಂದರು. ಸುಲೋಚನಾ ಬಂದು ತಾಯಿಯ ಭುಜ ಹಿಡಿದುಕೊಂಡಳು. ಅವಳ ಕಣ್ಣಲ್ಲಿ ನೀರಿತ್ತು. ನಮ್ಮಮ್ಮ ಅಂಥವರಲ್ಲ ಅಂದಳು, ಎಲ್ಲರಿಗೂ ಕೇಳಿಸುವ ಹಾಗೆ.

ಶಾರದಾಳ ಕೆಲಸ ಹೋಯಿತು ಅಂತ ಇಂದಿರಮ್ಮನಿಗೆ ಗೊತ್ತಾಯಿತು. ಟ್ಯಾಂಕಿನ ಪಕ್ಕದ ಕೋಣೆ ಹೋಯಿತು. ಊರಿಗೆ ಹೋದರೆ ಅಲ್ಲೂ ದೊಡ್ಡಮನೆಯೇ ಇದೆ. ಮಗಳಿಗೆ ಏನು ಹೇಳೋದು? ಆದರೂ ಕಾಲು ಹಿಂದಕ್ಕೆ ಹೋಗಲಿಲ್ಲ.

ಮುದುಕಿಯ ಎದುರು ಬಗ್ಗಿದಳು. ಬರಿಗೈ ಮುಂದೆ ಚಾಚಿದಳು. ಅದರಲ್ಲಿ ಏನೂ ಇರಲಿಲ್ಲ, ಅದನ್ನು ಎಲ್ಲರೂ ನೋಡಿದರು.

"ಯಾವ ಕೈ ಅಮ್ಮಾರೆ?" ಅಂದಳು ಮೆತ್ತಗೆ. "ತೋರ್ಸಿ."

ಸೂರ್ಯಕಾಂತಮ್ಮನ ಎರಡೂ ಕೈ ರಪ್ಪನೆ ಹಿಂದಕ್ಕೆ ಹೋದವು. ಎಡಗೈಯನ್ನು ಸೆರಗಿನೊಳಗೆ ಎಳೆದುಕೊಂಡು, ಬಲಗೈಯಿಂದ ಅದರ ಒಳಭಾಗವನ್ನು, ಮೊಳಕೈ ಮಡಿಸುವ ಜಾಗಕ್ಕೆ ಸ್ವಲ್ಪ ಕೆಳಗೆ, ಅದೇ ಜಾಗವನ್ನು, ಬಿಗಿಯಾಗಿ ಮುಚ್ಚಿ ಹಿಡಿದುಕೊಂಡರು. ಮೈಯೆಲ್ಲ ಸೋಫಾಗೆ ಒತ್ತಿಕೊಂಡಿತ್ತು. ಸುಲೋಚನಾ ತಾಯಿಯ ಭುಜದಿಂದ ಕೈ ತೆಗೆದಳು. ತಾಯಿಯ ಕೈಯನ್ನು ನೋಡಿದಳು. ಇಂದಿರಮ್ಮನ ಕೈಯನ್ನು ನೋಡಿದಳು.

ಇಂದಿರಮ್ಮ ನೆಟ್ಟಗೆ ನಿಂತು ಸುಲೋಚನಾಳತ್ತ ತಿರುಗಿದಳು.

"ನಿಮ್ಮವ್ವಾರಿಗೆ ನೆನಪೈತೆ," ಅಂದಳು.